ಬಿಸಿನೀರು ಹರಿದಾಗ ಕೊಳವೆ ಬೆಳೆಯುತ್ತದೆ: ಪ್ಲಾಸ್ಟಿಕ್ ಪೈಪಿಗೆ ಜಾಗ ಬಿಡಬೇಕಾದ ಲೆಕ್ಕ

ಜಯನಗರ, ಮಲ್ಲೇಶ್ವರ, ರಾಜಾಜಿನಗರದಂಥ ಹಳೆಯ ಬಡಾವಣೆಗಳ ಮನೆಗಳಲ್ಲಿ ದಶಕಗಟ್ಟಲೆ ದುಡಿದ ಜಿಐ (ಸತು ಲೇಪಿಸಿದ ಉಕ್ಕಿನ) ಕೊಳವೆಗಳು ಒಂದೊಂದಾಗಿ ಕೈಕೊಡುತ್ತಿವೆ. ಕೊಳವೆಬಾವಿಯ ಗಡಸು ನೀರು ಒಳಗೆಲ್ಲ ಸುಣ್ಣದ ಪದರ ಕಟ್ಟಿರುತ್ತದೆ, ತುಕ್ಕು ತಿಂದ ಕಡೆ ಗೋಡೆ ಒದ್ದೆಯಾಗುತ್ತದೆ. ಪ್ಲಂಬರ್ ಬಂದು ನೋಡಿ, ಎಲ್ಲವನ್ನೂ ತೆಗೆದು ಸಿಪಿವಿಸಿ (ಬಿಸಿನೀರು ತಾಳುವ ಪ್ಲಾಸ್ಟಿಕ್ ಕೊಳವೆ) ಹಾಕಿಸಿಬಿಡಿ ಎನ್ನುತ್ತಾರೆ. ಸಲಹೆ ಸರಿಯಾದದ್ದೇ. ಸಿಪಿವಿಸಿ ತುಕ್ಕು ಹಿಡಿಯುವುದಿಲ್ಲ, ಹಗುರ, ಅಂಟಿನಿಂದ ಬೇಗ ಜೋಡಿಸಬಹುದು.

ಆದರೆ ವರ್ಷ ಎರಡು ವರ್ಷ ಕಳೆದ ಮೇಲೆ ಕೆಲವು ಮನೆಗಳಲ್ಲಿ ಬೇರೆಯೇ ದೂರುಗಳು ಶುರುವಾಗುತ್ತವೆ. ತಾರಸಿಯ ಮೇಲೆ ನೂಲು ಹಿಡಿದಂತೆ ನೇರವಾಗಿದ್ದ ಸೋಲಾರ್ ಪೈಪು ಹಾವಿನಂತೆ ಅಂಕುಡೊಂಕಾಗಿದೆ. ಕೊಳವೆಯನ್ನು ತಿರುಗಿಸುವ ಎಲ್ಬೋ ಜೋಡಣೆಯೊಂದರಲ್ಲಿ ನೀರು ಜಿನುಗುತ್ತಿದೆ. ಬೆಳಿಗ್ಗೆ ಬಿಸಿನೀರಿನ ನಲ್ಲಿ ತಿರುಗಿಸಿದ ಕೂಡಲೇ ಗೋಡೆಯೊಳಗಿನಿಂದ ಟಕ್ ಟಕ್ ಸದ್ದು ಕೇಳುತ್ತದೆ. ಮನೆಯವರು ಪೈಪಿನ ಕಂಪನಿಯನ್ನು ದೂರುತ್ತಾರೆ, ಅಂಗಡಿಯವರು ಪ್ಲಂಬರ್‌ನತ್ತ ಕೈ ತೋರಿಸುತ್ತಾರೆ. ಬಹಳ ಸಲ ಪೈಪೂ ಒಳ್ಳೆಯದೇ, ಅಂಟೂ ಒಳ್ಳೆಯದೇ. ಜಿಐ ಕೊಳವೆಯನ್ನು ಕೂರಿಸುತ್ತಿದ್ದ ಪದ್ಧತಿಯಲ್ಲೇ ಪ್ಲಾಸ್ಟಿಕ್ ಕೊಳವೆಯನ್ನೂ ಕೂರಿಸಿದ್ದರಿಂದ ಈ ತೊಂದರೆ ಹುಟ್ಟಿರುತ್ತದೆ.

ಎಷ್ಟು ಹಿಗ್ಗುತ್ತದೆ?

ಬಹುಪಾಲು ಯಾವ ವಸ್ತುವಾದರೂ ಬಿಸಿಯಾದಾಗ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಶಾಲೆಯ ಪುಸ್ತಕದಲ್ಲಿ ಇದನ್ನು ಉಷ್ಣ ವ್ಯಾಕೋಚನ ಎಂದು ಓದಿರುತ್ತೇವೆ. ಕೊಳವೆಯ ಉದ್ದ ಎಷ್ಟು ಹೆಚ್ಚುತ್ತದೆ ಎಂಬುದನ್ನು ಮೂರು ಸಂಗತಿಗಳು ನಿರ್ಧರಿಸುತ್ತವೆ: ಕೊಳವೆಯ ಉದ್ದ, ತಾಪಮಾನದಲ್ಲಿ ಆದ ಬದಲಾವಣೆ ಮತ್ತು ಕೊಳವೆಯ ವಸ್ತು. ಮೂರನ್ನೂ ಗುಣಿಸಿದರೆ ಉತ್ತರ ಸಿಗುತ್ತದೆ. ಕೊಳವೆ ಅರ್ಧ ಇಂಚಿನದೋ ಎರಡು ಇಂಚಿನದೋ ಎಂಬುದು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ವಸ್ತುವಿನ ಗುಣವನ್ನು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ: ಒಂದು ಮೀಟರ್ ಉದ್ದದ ಕೊಳವೆ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಎಷ್ಟು ಮಿಲಿಮೀಟರ್ ಬೆಳೆಯುತ್ತದೆ ಎಂದು. ಉಕ್ಕಿಗೆ ಇದು ಸುಮಾರು 0.012, ತಾಮ್ರಕ್ಕೆ 0.017. ಸಿಪಿವಿಸಿಗೆ 0.065ರ ಆಸುಪಾಸು. ಬಿಳಿ ಅಥವಾ ಹಸಿರು ಬಣ್ಣದಲ್ಲಿ ಸಿಗುವ, ಕಾಯಿಸಿ ಬೆಸೆಯುವ ಪಿಪಿಆರ್ ಕೊಳವೆಗೆ 0.15. ಸುರುಳಿಯಾಗಿ ಬರುವ ಪೆಕ್ಸ್ ಮತ್ತು ಕಪ್ಪು ಎಚ್‌ಡಿಪಿಇ ಕೊಳವೆಗಳಿಗೆ ಇನ್ನೂ ಹೆಚ್ಚು, 0.2ರವರೆಗೂ ಹೋಗುತ್ತದೆ.

ಹೀಗೆ ಹೇಳಿದರೆ ಎಲ್ಲವೂ ಕಣ್ಣಿಗೆ ಕಾಣದಷ್ಟು ಸಣ್ಣ ಸಂಖ್ಯೆಗಳೇ. ಗುಣಿಸಿ ನೋಡೋಣ. ಸೋಲಾರ್ ತೊಟ್ಟಿಯಿಂದ ಸ್ನಾನದ ಮನೆಯ ಮೇಲ್ಭಾಗದವರೆಗೆ ತಾರಸಿಯ ಮೇಲೆ 10 ಮೀಟರ್ ಕೊಳವೆ ಇದೆ ಎನ್ನೋಣ. ರಾತ್ರಿಯೆಲ್ಲ ತಣ್ಣಗಿದ್ದು 20 ಡಿಗ್ರಿಯಲ್ಲಿರುವ ಈ ಕೊಳವೆಯಲ್ಲಿ ಬೆಳಿಗ್ಗೆ 60 ಡಿಗ್ರಿಯ ನೀರು ಹರಿಯುತ್ತದೆ. ವ್ಯತ್ಯಾಸ 40 ಡಿಗ್ರಿ. ಜಿಐ ಕೊಳವೆಯಾಗಿದ್ದರೆ 5 ಮಿ.ಮೀ.ಗಿಂತ ತುಸು ಕಡಿಮೆ ಬೆಳೆಯುತ್ತಿತ್ತು. ಸಿಪಿವಿಸಿ 26 ಮಿ.ಮೀ. ಬೆಳೆಯುತ್ತದೆ. ಸಾದಾ ಪಿಪಿಆರ್ 60 ಮಿ.ಮೀ.

ಸಿಲ್ಕ್ ಬೋರ್ಡ್ ಕಡೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಮೇಲ್ಸೇತುವೆಯಲ್ಲಿ ವಾಹನ ಓಡುವಾಗ ಗಾಲಿಯ ಕೆಳಗೆ ಮತ್ತೆ ಮತ್ತೆ ಧಡ್ ಎನ್ನುವ ಸದ್ದು ಎಲ್ಲರಿಗೂ ಗೊತ್ತು. ಕಾಂಕ್ರೀಟ್ ಹಿಗ್ಗಿ ಕುಗ್ಗಲು ಅಲ್ಲಿ ಸಂದು ಬಿಟ್ಟಿರುತ್ತಾರೆ. 30 ಮೀಟರ್ ಉದ್ದದ ಕಾಂಕ್ರೀಟ್ ಹಾಸು 20 ಡಿಗ್ರಿ ಬಿಸಿಯಾದರೆ 6ರಿಂದ 7 ಮಿ.ಮೀ. ಬೆಳೆಯುತ್ತದೆ. ಅಷ್ಟಕ್ಕೇ ಎಂಜಿನಿಯರುಗಳು ಅಷ್ಟು ಎಚ್ಚರ ವಹಿಸುತ್ತಾರೆ. ಅದರ ಮೂರನೆಯ ಒಂದು ಪಾಲಿನಷ್ಟು ಉದ್ದದ ಕೊಳವೆ ನಮ್ಮ ತಾರಸಿಯ ಮೇಲೆ ಅದರ ನಾಲ್ಕು ಪಟ್ಟು ಬೆಳೆಯುತ್ತದೆ, ಅದೂ ದಿನಕ್ಕೊಮ್ಮೆಯಾದರೂ.

ಪ್ಲಾಸ್ಟಿಕ್ ಏಕೆ ಇಷ್ಟು ಹಿಗ್ಗುತ್ತದೆ?

ಲೋಹದಲ್ಲಿ ಪರಮಾಣುಗಳು ಎಲ್ಲ ದಿಕ್ಕಿನಲ್ಲೂ ಒಂದನ್ನೊಂದು ಬಲವಾಗಿ ಹಿಡಿದಿರುತ್ತವೆ. ಪ್ಲಾಸ್ಟಿಕ್‌ನ ಒಳರಚನೆ ಬೇರೆ. ಅದು ಬಹಳ ಉದ್ದನೆಯ ಅಣುಸರಪಳಿಗಳ ರಾಶಿ. ಒಂದು ಸರಪಳಿಯೊಳಗಿನ ಬಂಧ ಗಟ್ಟಿ, ಆದರೆ ಪಕ್ಕಪಕ್ಕದ ಸರಪಳಿಗಳ ನಡುವಿನ ಸೆಳೆತ ದುರ್ಬಲ. ಬಿಸಿ ತಾಗಿದಾಗ ಸರಪಳಿಗಳು ಅಲುಗಾಡುತ್ತವೆ, ನಡುವಿನ ಅಂತರ ಸುಲಭವಾಗಿ ಹೆಚ್ಚುತ್ತದೆ. ಸಿಪಿವಿಸಿಯಲ್ಲಿ ಕ್ಲೋರಿನ್ ಇರುವುದರಿಂದ ಸರಪಳಿಗಳ ನಡುವಿನ ಸೆಳೆತ ಸ್ವಲ್ಪ ಹೆಚ್ಚು. ಪಿಪಿಆರ್ ಮತ್ತು ಎಚ್‌ಡಿಪಿಇಗಿಂತ ಅದು ಕಡಿಮೆ ಹಿಗ್ಗುವುದಕ್ಕೆ ಇದೇ ಕಾರಣ.

ಪಿಪಿಆರ್ ತಯಾರಕರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದಾರೆ. ಕೊಳವೆಯ ಗೋಡೆಯ ನಡುವೆ ಗಾಜಿನ ನಾರಿನ ಅಥವಾ ಅಲ್ಯೂಮಿನಿಯಮ್‌ನ ಪದರ ಸೇರಿಸುತ್ತಾರೆ. ಆಗ 0.15 ಇದ್ದದ್ದು 0.03ರಿಂದ 0.05ಕ್ಕೆ ಇಳಿಯುತ್ತದೆ. ಬಿಸಿನೀರಿಗೆ ಪಿಪಿಆರ್ ಹಾಕಿಸುವವರು ಇಂಥ ಪದರವಿರುವ ಕೊಳವೆಯನ್ನೇ ಕೇಳಿ ಪಡೆಯುವುದು ಒಳಿತು.

ಬಿಗಿದು ಕಟ್ಟಿದರೆ ಏನಾಗುತ್ತದೆ?

ಹಿಗ್ಗಲು ಬಿಡದೆ ಎರಡೂ ತುದಿ ಗಟ್ಟಿಯಾಗಿ ಹಿಡಿದರಾಯಿತು ಎಂದು ಅನ್ನಿಸುವುದು ಸಹಜ. ಹಿಗ್ಗಲಾಗದ ಕೊಳವೆ ಒತ್ತುತ್ತದೆ. ಎಷ್ಟು ಬಲದಿಂದ ಒತ್ತುತ್ತದೆ ಎಂಬುದು ಕೊಳವೆಯ ಉದ್ದವನ್ನು ಅವಲಂಬಿಸಿಲ್ಲ. ವಸ್ತು ಎಷ್ಟು ಬಿರುಸು, ಕೊಳವೆಯ ಗೋಡೆ ಎಷ್ಟು ದಪ್ಪ, ತಾಪಮಾನ ಎಷ್ಟು ಏರಿತು ಎಂಬುದರ ಮೇಲೆ ನಿಂತಿದೆ. ಮುಕ್ಕಾಲು ಇಂಚಿನ ಸಿಪಿವಿಸಿ 40 ಡಿಗ್ರಿ ಏರಿಕೆಗೆ ಸುಮಾರು 70 ಕಿಲೋ ತೂಕದಷ್ಟು ಬಲದಿಂದ ತುದಿಗಳನ್ನು ತಳ್ಳುತ್ತದೆ. ಅದೇ ಅಳತೆಯ ಜಿಐ ಕೊಳವೆಯನ್ನು ಹಾಗೆ ಹಿಡಿದರೆ ಒತ್ತಡ ಒಂದೂವರೆ ಟನ್ನಿಗೂ ಮೀರುತ್ತದೆ.

ಪ್ಲಾಸ್ಟಿಕ್ ಹೆಚ್ಚು ಹಿಗ್ಗುತ್ತದೆ, ಆದರೆ ಕಡಿಮೆ ಬಲದಿಂದ ತಳ್ಳುತ್ತದೆ. ಇದನ್ನು ತಿಳಿದರೆ ಮುಂದಿನ ಎಷ್ಟೋ ಸಂಗತಿಗಳು ತಾವಾಗಿಯೇ ಅರ್ಥವಾಗುತ್ತವೆ. ಕಡಿಮೆ ಬಲವಾದ್ದರಿಂದ ಅದು ಗೋಡೆಯನ್ನು ಸೀಳುವುದಿಲ್ಲ, ತಾನೇ ಬಾಗುತ್ತದೆ. 10 ಮೀಟರ್ ಕೊಳವೆಯ ಎರಡೂ ತುದಿ ಬಿಗಿದಿದ್ದು ನಡುವೆ ಹಿಡಿತವೇ ಇಲ್ಲದಿದ್ದರೆ, ಬರೀ 26 ಮಿ.ಮೀ. ಬೆಳವಣಿಗೆ ಅದನ್ನು ಮಧ್ಯದಲ್ಲಿ ಸುಮಾರು 30 ಸೆಂ.ಮೀ. ಪಕ್ಕಕ್ಕೆ ಬಾಗಿಸಬಲ್ಲದು! ಮುಕ್ಕಾಲು ಮೀಟರಿಗೋ ಒಂದು ಮೀಟರಿಗೋ ಒಂದರಂತೆ ಬಿಗಿ ಕ್ಲಾಂಪ್ ಹಾಕಿದರೂ ಪ್ರತಿ ಎರಡು ಕ್ಲಾಂಪುಗಳ ನಡುವೆ ಮೂರು ಸೆಂ.ಮೀ.ನಷ್ಟು ಬಾಗು ಬರಬಹುದು. ತಾರಸಿಯ ಪೈಪು ಹಾವಿನಂತೆ ಕಾಣುವುದು ಹೀಗೆ.

ಬಾಗಿದ ಕೊಳವೆ ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ಬಾಗುವಾಗಲೆಲ್ಲ ಎಲ್ಬೋ, ಟೀ (ಕವಲೊಡೆಯುವ ಜೋಡಣೆ) ಮತ್ತು ಹಿತ್ತಾಳೆ ಎಳೆಯಿರುವ ಜೋಡಣೆಗಳನ್ನು ತಿರುಚುತ್ತದೆ. ಒಂದು ದಿನದ ತಿರುಚಿನಿಂದ ಏನೂ ಆಗುವುದಿಲ್ಲ. ದಿನವೂ ಬೆಳಿಗ್ಗೆ ಬಿಸಿ, ರಾತ್ರಿ ತಂಪು ಎಂದು ವರ್ಷಗಟ್ಟಲೆ ನಡೆದರೆ ದುರ್ಬಲವಾದ ಜೋಡಣೆ ಸೋಲುತ್ತದೆ. ಹಿತ್ತಾಳೆ ಮತ್ತು ಪ್ಲಾಸ್ಟಿಕ್ ಕೂಡುವ ಕಡೆ ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಜಿನುಗುವಿಕೆ ಮೊದಲು ಅಲ್ಲಿಯೇ ಕಾಣಿಸಿಕೊಳ್ಳುವುದುಂಟು.

ಬೆಂಗಳೂರಿನ ತಾರಸಿ

ನಮ್ಮದು ತಂಪಿನ ಊರು, ಇಲ್ಲಿ ಇದರ ಚಿಂತೆ ಏಕೆ ಎಂಬ ಪ್ರಶ್ನೆ ಬರಬಹುದು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 1884ರ ಜನವರಿ 13ರಂದು 7.8 ಡಿಗ್ರಿ ದಾಖಲಾಗಿತ್ತು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತು. ಇವೆರಡೂ ಅಪರೂಪದ ದಿನಗಳು, ಅಲ್ಲದೆ ಇವು ನೆರಳಿನ ಗಾಳಿಯ ಲೆಕ್ಕ. ನೇರ ಬಿಸಿಲಿನಲ್ಲಿ ಬಿದ್ದ ಕೊಳವೆ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅಂದರೆ ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ತಣ್ಣೀರಿನ ಕೊಳವೆಯೂ ದಿನಕ್ಕೊಮ್ಮೆ ಹಿಗ್ಗಿ ಕುಗ್ಗುತ್ತದೆ.

ಸೋಲಾರ್ ಇರುವ ಮನೆಯಲ್ಲಿ ವಿಷಯ ಇನ್ನೂ ಗಂಭೀರ. ಊರಿಗೆ ಹೋಗಿ ನಾಲ್ಕು ದಿನ ಬಿಸಿನೀರು ಬಳಸದಿದ್ದರೆ ಬೇಸಿಗೆಯಲ್ಲಿ ತೊಟ್ಟಿಯ ನೀರು 80 ಡಿಗ್ರಿ ದಾಟಬಲ್ಲದು. ಸಿಪಿವಿಸಿ ಕೊಳವೆಯನ್ನು 93 ಡಿಗ್ರಿವರೆಗಿನ ನೀರಿಗೆಂದು ತಯಾರಿಸುತ್ತಾರೆ. ಆದರೆ ಬಿಸಿ ಏರಿದಂತೆ ಅದರ ತಾಳಿಕೆ ಇಳಿಯುತ್ತದೆ. ಎಸ್‌ಡಿಆರ್ 11 ದರ್ಜೆಯ (ಹೊರವ್ಯಾಸ ಗೋಡೆಯ ದಪ್ಪದ 11 ಪಟ್ಟು ಇರುವ) ಸಿಪಿವಿಸಿ 23 ಡಿಗ್ರಿಯಲ್ಲಿ ಪ್ರತಿ ಚದರ ಸೆಂ.ಮೀ.ಗೆ ಸುಮಾರು 28 ಕಿಲೋ ಒತ್ತಡ ತಾಳಿದರೆ, 82 ಡಿಗ್ರಿಯಲ್ಲಿ ತಾಳುವುದು 7 ಕಿಲೋ ಮಾತ್ರ. ಆದ್ದರಿಂದ ಸೋಲಾರ್ ತೊಟ್ಟಿಯ ಬಾಯಿಂದ ಹೊರಡುವ ಮೊದಲ ತುಂಡನ್ನು ಲೋಹದ ಕೊಳವೆಯಲ್ಲಿ ಮಾಡಿ, ಅಲ್ಲಿಂದ ಮುಂದೆ ಪ್ಲಾಸ್ಟಿಕ್ ಶುರು ಮಾಡುವುದು ಕ್ಷೇಮ. ತಣ್ಣೀರಿಗೆ ಬಳಸುವ ಸಾಮಾನ್ಯ ಯುಪಿವಿಸಿ ಪ್ಲಾಸ್ಟಿಕ್ ಕೊಳವೆಯನ್ನಂತೂ ಬಿಸಿನೀರಿಗೆ ಹಾಕಲೇಬಾರದು. ಅದರ ಭಾರತೀಯ ಮಾನಕ ಐಎಸ್ 4985, 45 ಡಿಗ್ರಿವರೆಗಿನ ನೀರಿಗೆ ಮಾತ್ರ. ಸಿಪಿವಿಸಿಯ ಮಾನಕ ಐಎಸ್ 15778, ಪಿಪಿಆರ್‌ನದು ಐಎಸ್ 15801. ಕೊಳವೆಯ ಮೈಮೇಲೆ ಈ ಸಂಖ್ಯೆ ಅಚ್ಚಾಗಿದೆಯೇ ಎಂದು ಕೊಳ್ಳುವಾಗಲೇ ನೋಡಬಹುದು.

ಕೊಳವೆಯನ್ನು ಜೋಡಿಸಿದ ಹೊತ್ತೂ ಮುಖ್ಯ. ಏಪ್ರಿಲ್‌ನ ನಡುಮಧ್ಯಾಹ್ನ, ಕೊಳವೆ 40 ಡಿಗ್ರಿಯಲ್ಲಿದ್ದಾಗ ಎಲ್ಲವನ್ನೂ ಅಂಟಿಸಿ ಬಿಗಿದರೆ, ಡಿಸೆಂಬರ್‌ನ ಬೆಳಗಿನ ಜಾವ 15 ಡಿಗ್ರಿಗೆ ಇಳಿದಾಗ 10 ಮೀಟರ್ ಸಿಪಿವಿಸಿ 16 ಮಿ.ಮೀ. ಕುಗ್ಗುತ್ತದೆ. ಈಗ ಅದು ತಳ್ಳುವುದರ ಬದಲು ಎಳೆಯುತ್ತದೆ. ಅದೇ ದಿನ ಸಂಜೆಯ ತಂಪಿಗೂ ಸ್ವಲ್ಪ ಎಳೆತ ಇದ್ದೇ ಇರುತ್ತದೆ, ಅಂಟು ಇನ್ನೂ ಪೂರ್ತಿ ಕಚ್ಚಿರುವುದಿಲ್ಲ. ಬೆಳಗಿನ ತಂಪಿನಲ್ಲಿ ಜೋಡಿಸಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು ನೀರು ಹರಿಸುವ ಪ್ಲಂಬರ್ ಸೋಮಾರಿಯಲ್ಲ, ಕೆಲಸ ಬಲ್ಲವರು.

ತಿರುವಿನಲ್ಲಿದೆ ಪರಿಹಾರ

ಕೊಳವೆ ಹಿಗ್ಗುವುದನ್ನು ನಿಲ್ಲಿಸಲು ಬರುವುದಿಲ್ಲ. ಎಲ್ಲಿಗೆ ಹಿಗ್ಗಬೇಕು ಎಂಬುದನ್ನು ನಾವು ತೀರ್ಮಾನಿಸಬಹುದು. ಅದಕ್ಕೆ ಬೇಕಾದದ್ದು ತಿರುವು. ನೇರ ಕೊಳವೆಯ ತುದಿಯಲ್ಲಿ ಎಲ್ಬೋ ಹಾಕಿ ಬೇರೆ ದಿಕ್ಕಿಗೆ ತಿರುಗಿಸಿದಾಗ, ತಿರುಗಿದ ಆ ಭಾಗ ಒಂದು ತೋಳಿನಂತೆ ತುಸು ಬಾಗಿ ಮೊದಲ ಕೊಳವೆಯ ಬೆಳವಣಿಗೆಗೆ ಎಡೆ ಕೊಡುತ್ತದೆ. ಷರತ್ತು ಒಂದೇ: ಆ ತೋಳು ಸಾಕಷ್ಟು ಉದ್ದವಿರಬೇಕು ಮತ್ತು ಅಷ್ಟು ಉದ್ದಕ್ಕೂ ಅದನ್ನು ಯಾವ ಕ್ಲಾಂಪೂ ಹಿಡಿದಿರಬಾರದು.

ಎಷ್ಟು ಉದ್ದ? ನಮ್ಮ 10 ಮೀಟರ್ ಉದಾಹರಣೆಗೆ, ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ 26 ಮಿ.ಮೀ. ಬೆಳವಣಿಗೆ ತಡೆದುಕೊಳ್ಳಲು ಸುಮಾರು 53 ಸೆಂ.ಮೀ. ತೋಳು ಬೇಕು. ಎಲ್ಬೋ ಆದ ಒಂದು ಗೇಣಿಗೇ ಕ್ಲಾಂಪ್ ಬಡಿದುಬಿಟ್ಟರೆ ತಿರುವು ಇದ್ದೂ ಇಲ್ಲದಂತೆ. ನಾನು ನೋಡಿದ ಮಟ್ಟಿಗೆ ಬಹುಪಾಲು ತಾರಸಿಗಳಲ್ಲಿ ಆಗಿರುವ ತಪ್ಪು ಇದೇ. ಎಲ್ಬೋ ಅಲುಗಬಾರದು ಎಂಬ ಕಾಳಜಿಯಿಂದಲೇ ಅದರ ಎರಡೂ ಬದಿಗೆ ಕ್ಲಾಂಪ್ ಹಾಕಿರುತ್ತಾರೆ, ಆ ಕಾಳಜಿಯೇ ಎಲ್ಬೋವನ್ನು ಒಡೆಯುತ್ತದೆ.

ಇಲ್ಲಿ ನೆನಪಿಡಲು ಅನುಕೂಲವಾದ ಒಂದು ಗುಣವಿದೆ. ತೋಳಿನ ಉದ್ದ ಬೆಳವಣಿಗೆಯ ವರ್ಗಮೂಲದಂತೆ ಹೆಚ್ಚುತ್ತದೆ. ಕೊಳವೆ ನಾಲ್ಕು ಪಟ್ಟು ಉದ್ದವಾದರೆ ತೋಳು ಎರಡು ಪಟ್ಟಾದರೆ ಸಾಕು. 10 ಮೀಟರ್ ಕೊಳವೆಯನ್ನು ಸರಿಯಾಗಿ ಮಧ್ಯದಲ್ಲಿ ಮಾತ್ರ ಬಿಗಿದರೆ ಎರಡೂ ಕಡೆಗೆ 13 ಮಿ.ಮೀ. ಹಂಚಿಹೋಗುತ್ತದೆ, ಆಗ ಪ್ರತಿ ತುದಿಗೆ 37 ಸೆಂ.ಮೀ. ತೋಳು ಸಾಲುತ್ತದೆ. ದಪ್ಪ ಕೊಳವೆ ಸುಲಭವಾಗಿ ಬಾಗುವುದಿಲ್ಲವಾದ್ದರಿಂದ ತೋಳು ಇನ್ನೂ ಉದ್ದ ಬೇಕಾಗುತ್ತದೆ. ಕೊಳವೆಯ ವ್ಯಾಸ ಹಿಗ್ಗುವ ಲೆಕ್ಕದಲ್ಲಿ ಬರದಿದ್ದರೂ ಇಲ್ಲಿ ಬರುತ್ತದೆ.

ತಿರುವೇ ಇಲ್ಲದ ನೀಳ ಕೊಳವೆಯಲ್ಲಿ ನಡುವೆ ನಾಲ್ಕು ಎಲ್ಬೋ ಬಳಸಿ ‘ಯು’ ಆಕಾರದ ಬಳಸುದಾರಿ ಮಾಡುತ್ತಾರೆ. ಇದಕ್ಕೆ ಲೂಪ್ ಎನ್ನುತ್ತಾರೆ. ಸಿಪಿವಿಸಿಯಲ್ಲಿ ಒಟ್ಟು ತೋಳಿನ ಉದ್ದವನ್ನು ಐದು ಪಾಲು ಮಾಡಿ, ಎರಡು ಪಾಲು ಆಚೆ ಕಾಲಿಗೆ, ಎರಡು ಪಾಲು ಈಚೆ ಕಾಲಿಗೆ, ಒಂದು ಪಾಲು ನಡುವಿನ ಅಡ್ಡಕ್ಕೆ ಹಂಚುವುದು ರೂಢಿ. 53 ಸೆಂ.ಮೀ. ಎಂದರೆ 21, 21 ಮತ್ತು 11 ಸೆಂ.ಮೀ. ತಾರಸಿಯ ಮೇಲೆ ಲೂಪನ್ನು ಮಲಗಿಸಿ ಇಡುವುದು ಮೇಲು. ಎಬ್ಬಿಸಿ ನಿಲ್ಲಿಸಿದರೆ ಅದರ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡು, ಒತ್ತಡ ಕಡಿಮೆಯಿರುವ ಸೋಲಾರ್ ಸಾಲಿನಲ್ಲಿ ನೀರೇ ಬಾರದಂತಾಗಬಹುದು.

ಪಿಪಿಆರ್‌ಗೆ ಬೇರೆ ಅಂಕಿಗಳಿವೆ, ಅವನ್ನು ಕಂಪನಿಯ ಕೈಪಿಡಿಯಲ್ಲಿ ನೋಡಬೇಕು. ಪೆಕ್ಸ್ ಸುಲಭವಾಗಿ ಬಾಗುವುದರಿಂದ ಎಳೆದು ಬಿಗಿಯದೆ ತುಸು ಸಡಿಲವಾಗಿ, ಅಲೆಯಂತೆ ಹಾಯಿಸಿದರೆ ಸಾಕು.

ಕ್ಲಾಂಪ್: ಹಿಡಿಯುವುದು ಬೇರೆ, ಹೊರುವುದು ಬೇರೆ

ಒಂದು ಸಾಲಿನಲ್ಲಿ ಎರಡು ಬಗೆಯ ಕ್ಲಾಂಪುಗಳಿರಬೇಕು. ಒಂದು, ಕೊಳವೆಯನ್ನು ಅಲುಗದಂತೆ ಹಿಡಿಯುವುದು. ಇದು ಒಂದು ನೇರ ಸಾಲಿಗೆ ಒಂದೇ ಸಾಕು. ಉಳಿದವೆಲ್ಲ ಕೊಳವೆಯ ಭಾರ ಹೊತ್ತು, ಅದು ಉದ್ದಕ್ಕೆ ಜಾರಲು ಬಿಡುವಂಥವು. ಬಿಸಿನೀರಿನ ಒಂದು ಇಂಚಿನವರೆಗಿನ ಸಿಪಿವಿಸಿಗೆ ಅಡ್ಡಸಾಲಿನಲ್ಲಿ ಸುಮಾರು 90 ಸೆಂ.ಮೀ.ಗೊಂದು ಆಧಾರ ಬೇಕು, ಅದಕ್ಕಿಂತ ದಪ್ಪದವಕ್ಕೆ 120 ಸೆಂ.ಮೀ.ಗೊಂದು. ಬಿಸಿಯಾದಾಗ ಪ್ಲಾಸ್ಟಿಕ್ ಮೆತ್ತಗಾಗಿ ಜೋಲುವುದರಿಂದ ಆಧಾರಗಳ ನಡುವಿನ ಅಂತರ ಲೋಹಕ್ಕಿಂತ ಕಡಿಮೆ ಇರಬೇಕಾಗುತ್ತದೆ.

ಜಾರಲು ಬಿಡುವ ಕ್ಲಾಂಪ್ ಎಂದರೆ ದುಬಾರಿ ವಸ್ತುವೇನೂ ಅಲ್ಲ. ಕೊಳವೆಗಿಂತ ತುಸು ದೊಡ್ಡ ಅಳತೆಯ, ಅಂಚು ನಯವಾಗಿರುವ ಪ್ಲಾಸ್ಟಿಕ್ ಕ್ಲಾಂಪ್ ಸಾಕು. ತಗಡಿನ ಪಟ್ಟಿಯ ಅಂಚು ಕೊಳವೆಗೆ ಉಜ್ಜಿ ಗೀರು ಮಾಡುತ್ತದೆ, ಗೀರು ಮುಂದೆ ಬಿರುಕಾಗುತ್ತದೆ. ಟಕ್ ಟಕ್ ಸದ್ದಿನ ಮೂಲವೂ ಇಲ್ಲೇ ಇದೆ. ಬಿಗಿ ಕ್ಲಾಂಪಿನಲ್ಲಿ ಕೊಳವೆ ಒಂದು ಕ್ಷಣ ಸಿಕ್ಕಿ, ಒತ್ತಡ ಏರಿದಾಗ ಪಕ್ಕನೆ ಜಾರುತ್ತದೆ. ಮತ್ತೆ ಸಿಕ್ಕುತ್ತದೆ, ಮತ್ತೆ ಜಾರುತ್ತದೆ.

ಗೋಡೆಯೊಳಗೆ ಮತ್ತು ಮಣ್ಣಿನೊಳಗೆ

ಗೋಡೆ ಕೊರೆದು ಗಾರೆಯಲ್ಲಿ ಮುಚ್ಚಿದ ಕೊಳವೆಗೆ ಜಾರಲು ಜಾಗವೆಲ್ಲಿದೆ? ಅಲ್ಲಿ ಕಾಪಾಡುವುದು ಆಗಲೇ ಹೇಳಿದ 70 ಕಿಲೋ ಲೆಕ್ಕ. ಸುತ್ತಲೂ ಗಟ್ಟಿಯಾಗಿ ಕವಿದ ಗಾರೆ ಕೊಳವೆಯನ್ನು ಬಾಗಲು ಬಿಡುವುದಿಲ್ಲ. ಕೊಳವೆ ಆ ಒತ್ತಡವನ್ನು ತನ್ನೊಳಗೇ ತಾಳಿಕೊಳ್ಳುತ್ತದೆ, ಸ್ನಾನದ ಮನೆಯ ಮೂರು ನಾಲ್ಕು ಮೀಟರ್ ಉದ್ದಕ್ಕೆ ಇದು ತೊಂದರೆ ಕೊಡುವುದಿಲ್ಲ. ಅಪಾಯ ಇರುವುದು ಅರೆಬರೆ ತುಂಬಿದ ಕಡೆ ಮತ್ತು ಮೂಲೆಯ ಎಲ್ಬೋಗಳಲ್ಲಿ. ಎಲ್ಬೋಗಳ ಸುತ್ತ ತೆಳುವಾದ ಫೋಮ್ ಸುತ್ತಿ ಆಮೇಲೆ ಗಾರೆ ತುಂಬಿದರೆ ಆ ಬಿಂದುವಿಗೆ ಉಸಿರಾಡಲು ಎಡೆ ಸಿಗುತ್ತದೆ. ಗೋಡೆಯನ್ನೋ ಮೋಲ್ಡನ್ನೋ ತೂರಿ ಹೋಗುವ ಕಡೆ ಕೊಳವೆಗಿಂತ ದೊಡ್ಡ ಅಳತೆಯ ಇನ್ನೊಂದು ತುಂಡು ಕೊಳವೆಯನ್ನು ಹೊರಕವಚದಂತೆ ತೊಡಿಸಬೇಕು, ನೇರವಾಗಿ ಸಿಮೆಂಟ್ ಮೆತ್ತಬಾರದು.

ಮಣ್ಣಿನಲ್ಲಿ ಹೂತ ಕೊಳವೆಗೆ ತಾಪಮಾನದ ಏರಿಳಿತವೇ ಕಡಿಮೆ. ಆದರೂ ಬಿಸಿಲಿನಲ್ಲಿ ಬಿದ್ದಿದ್ದ ಎಚ್‌ಡಿಪಿಇ ಕೊಳವೆಯನ್ನು ಕಾದಿರುವಾಗಲೇ ಎರಡೂ ತುದಿಗೆ ಜೋಡಿಸಿ ಹೂತರೆ, ತಣ್ಣಗಾದ ಮೇಲೆ ಅದು ನೀರಿನ ಮೀಟರಿನ ಜೋಡಣೆಯನ್ನು ಎಳೆಯುತ್ತದೆ. ಕಾಲುವೆಯಲ್ಲಿ ಸ್ವಲ್ಪ ಡೊಂಕಾಗಿ ಮಲಗಿಸಿ, ತಣ್ಣಗಾಗಲು ಬಿಟ್ಟು, ಆಮೇಲೆ ಮಣ್ಣು ಎಳೆಯುವುದು ಸರಿ.

ಅಪಾರ್ಟ್‌ಮೆಂಟಿನ ನಿಂತ ಕೊಳವೆ

ಹತ್ತು ಮಹಡಿಯ ಕಟ್ಟಡದ ಡಕ್ಟ್‌ನಲ್ಲಿ (ಕೊಳವೆಗಳು ಮೇಲಿಂದ ಕೆಳಗೆ ಹಾಯುವ ಕಿರಿದಾದ ಜಾಗದಲ್ಲಿ) ಬಿಸಿನೀರಿನ 30 ಮೀಟರ್ ಸಿಪಿವಿಸಿ ನಿಂತಿದ್ದರೆ 40 ಡಿಗ್ರಿಗೆ ಅದು 78 ಮಿ.ಮೀ. ಬೆಳೆಯುತ್ತದೆ. ಬುಡದಲ್ಲಿ ಬಿಗಿದರೆ ಅಷ್ಟೂ ಮೇಲಿನ ಮಹಡಿಯ ಮೇಲೆ ಬೀಳುತ್ತದೆ, ಅಲ್ಲಿಯ ಮನೆಗೆ ಹೋಗುವ ಟೀ ಮೂರು ಇಂಚು ಮೇಲಕ್ಕೇರಲು ಹವಣಿಸುತ್ತದೆ. ಮಧ್ಯದ ಮಹಡಿಯಲ್ಲಿ ಬಿಗಿದರೆ ಮೇಲಕ್ಕೆ 39, ಕೆಳಕ್ಕೆ 39. ನಡುವೆ ಲೂಪುಗಳನ್ನು ಹಾಕಿ ಇನ್ನೂ ಸಣ್ಣದಾಗಿ ಹಂಚುತ್ತಾರೆ. ಪ್ರತಿ ಮನೆಗೆ ಕವಲೊಡೆಯುವ ಕೊಳವೆ ಟೀಯಿಂದ ನೇರ ಗೋಡೆಗೆ ಹೊಕ್ಕರೆ ಅದು ಮುರಿಯುತ್ತದೆ. ಡಕ್ಟ್‌ನೊಳಗೇ ಒಂದು ತಿರುವು ತೆಗೆದುಕೊಂಡು ಹೊಕ್ಕರೆ ಏರಿಳಿತಕ್ಕೆ ಹೊಂದಿಕೊಳ್ಳುತ್ತದೆ. ಮನೆ ಕೊಳ್ಳುವವರು ಅಡುಗೆಮನೆಯ ಟೈಲ್ಸ್ ನೋಡುವಷ್ಟೇ ಗಮನದಿಂದ ಡಕ್ಟ್‌ನ ಬಾಗಿಲು ತೆರೆದು ನೋಡಬೇಕೆಂಬುದು ನನ್ನ ಮನವಿ.

ಒಳಗಿನ ನೀರೂ ಹಿಗ್ಗುತ್ತದೆ

20 ಡಿಗ್ರಿಯ ನೀರು 60ಕ್ಕೆ ಏರಿದಾಗ ಶೇ 1.5ರಷ್ಟು ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ ಅದು ಸುಮಾರು 380 ಮಿ.ಲೀ. ಓವರ್‌ಹೆಡ್ ಟ್ಯಾಂಕಿನಿಂದ ನೇರವಾಗಿ ನೀರು ಬರುವ ಮನೆಯಲ್ಲಿ ಈ ಹೆಚ್ಚುವರಿ ನೀರು ತಣ್ಣೀರಿನ ಕೊಳವೆಯಲ್ಲೇ ಹಿಂದಕ್ಕೆ ಸರಿಯುತ್ತದೆ. ಸೋಲಾರ್ ತೊಟ್ಟಿಗೆ ಮೇಲ್ಮುಖವಾಗಿ ತೆರೆದ ಗಾಳಿಕೊಳವೆ ಇರುತ್ತದೆ, ಅದನ್ನು ಎಂದಿಗೂ ಮುಚ್ಚಬಾರದು.

ಗೀಸರಿನ ಮುಂದೆ ನೀರು ಹಿಂದಿರುಗದಂತೆ ತಡೆಯುವ ವಾಲ್ವ್ ಇದ್ದರೆ ಹಿಗ್ಗಿದ ನೀರಿಗೆ ದಾರಿಯಿಲ್ಲ. ಒತ್ತಡ ಏರಿ ಗೀಸರಿನ ಸುರಕ್ಷಾ ವಾಲ್ವಿನಿಂದ ಹನಿ ಬೀಳುತ್ತದೆ. ನೀರು ಕಾಯುವ ಹೊತ್ತಿಗೆ ಮಾತ್ರ ಬೀಳುವ ಹನಿ ವಾಲ್ವ್ ತನ್ನ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಕಿರಿಕಿರಿ ಎಂದು ಅದಕ್ಕೆ ಬಿರಡೆ ಹಾಕಿದರೆ ಆ ಒತ್ತಡವೆಲ್ಲ, ಬಿಸಿಗೆ ಆಗಲೇ ತಾಳಿಕೆ ಕಳೆದುಕೊಂಡಿರುವ ಪ್ಲಾಸ್ಟಿಕ್ ಕೊಳವೆಯ ಮೇಲೂ ಗೀಸರಿನ ಮೇಲೂ ಬೀಳುತ್ತದೆ.

ಈಗಾಗಲೇ ಹಾಕಿಸಿದ್ದರೆ

ಎಲ್ಲವನ್ನೂ ಕಿತ್ತು ಹೊಸದಾಗಿ ಮಾಡಬೇಕಿಲ್ಲ. ಬಿಸಿನೀರು ಹರಿಸಿ ಹತ್ತು ನಿಮಿಷ ಬಿಟ್ಟು ತಾರಸಿಗೆ ಹೋಗಿ ನೋಡಿ. ಕೊಳವೆ ಎಲ್ಲಿ ಬಾಗುತ್ತದೆ, ಯಾವ ಎಲ್ಬೋ ಗೋಡೆಗೆ ಒತ್ತುತ್ತದೆ ಎಂಬುದು ಕಾಣುತ್ತದೆ. ಎಲ್ಬೋಗೆ ಹತ್ತಿರವಿರುವ ಕ್ಲಾಂಪ್ ತೆಗೆದು ಅರ್ಧ ಮೀಟರ್ ಆಚೆಗೆ ಹಾಕಿಸಿದರೆ ಎಷ್ಟೋ ಮನೆಗಳಲ್ಲಿ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಕ್ಲಾಂಪ್ ತೆಗೆದ ಕಡೆ ಭಾರ ಹೊರಲು ಕೆಳಗೊಂದು ಇಟ್ಟಿಗೆಯೋ ಆಧಾರವೋ ಇರಲಿ, ಅದರ ಮೇಲೆ ಕೊಳವೆ ಸಲೀಸಾಗಿ ಜಾರುವಂತಿರಲಿ. ತಿರುವೇ ಇಲ್ಲದ ನೀಳ ಸಾಲಾದರೆ ನಡುವೆ ಕತ್ತರಿಸಿ ಲೂಪ್ ಕೂರಿಸಬಹುದು. ಅದಕ್ಕೆ ನಾಲ್ಕು ಎಲ್ಬೋ, ಅರ್ಧ ಮೀಟರಿನಷ್ಟು ಕೊಳವೆ ಮತ್ತು ಪ್ಲಂಬರ್‌ನ ಅರ್ಧ ದಿನ ಬೇಕು.

ಬಿಸಿಲಿಗೆ ತೆರೆದ ಸಿಪಿವಿಸಿಗೆ ನೀರು ಬೆರೆಸುವ ಅಕ್ರಿಲಿಕ್ ಬಿಳಿ ಬಣ್ಣ ಬಳಿಸಿದರೆ ಬಿಸಿಲಿನ ಹಾನಿಯೂ ಕಾವೂ ತಗ್ಗುತ್ತವೆ. ಥಿನ್ನರ್ ಬೆರೆಸುವ ಎನಾಮಲ್ ಬಣ್ಣ ಬೇಡ, ಅದರಲ್ಲಿರುವ ದ್ರಾವಕ ಪ್ಲಾಸ್ಟಿಕ್ ಅನ್ನು ಮೆತ್ತಗಾಗಿಸಿ ಬಿರುಕಿಗೆ ದಾರಿ ಮಾಡುತ್ತದೆ. ಬಿಸಿನೀರಿನ ಕೊಳವೆಗೆ ಫೋಮ್ ಹೊದಿಕೆ ಹಾಕಿಸಿದರೆ ಶಾಖ ಉಳಿಯುತ್ತದೆ, ಆದರೆ ಒಳಗಿನ ನೀರಿನಿಂದಾಗುವ ಹಿಗ್ಗುವಿಕೆ ಅದರಿಂದ ಕಡಿಮೆಯಾಗುವುದಿಲ್ಲ. ಹೊದಿಕೆಯ ಕೆಳಗೂ ತೋಳು, ಲೂಪ್, ಸಡಿಲ ಕ್ಲಾಂಪ್ ಬೇಕೇ ಬೇಕು, ಮತ್ತು ಹೊದಿಕೆಯ ಮೇಲೆ ತಂತಿ ಸುತ್ತಿ ಬಿಗಿಯುವಾಗ ಎಲ್ಬೋ ಇರುವ ಭಾಗವನ್ನು ಬಿಟ್ಟು ಸುತ್ತಲು ಹೇಳಬೇಕು.